ನೀಲಗಿರಿ ದಿಮ್ಮಿಯು ಸೀಳುವ ಕಾರಣ

ಬ್ರೂಕ್‌ಫೀಲ್ಡ್‌ನಿಂದ ಮೂಡಲಿಗೆ, ಹೊಸಕೋಟೆ ಕೋಲಾರಗಳ ಕಡೆ, ಕಡಿದ ನೀಲಗಿರಿ ದಿಮ್ಮಿಯ ತುದಿಯು ತಿರುಳಿನಿಂದ ನಕ್ಷತ್ರದಂತೆ ಸೀಳುವುದುಂಟು. ಇದು ಬರಿಯ ಬಿಸಿಲಿನ ದೋಷವಲ್ಲ. ತೊಗಟೆಯಡಿ ಹುಟ್ಟುವ ಹೊಸ ನಾರು ಬಲಿಯುವಾಗ ಉದ್ದದಲ್ಲಿ ಕುಗ್ಗಲೆಳಸುತ್ತದೆ. ಒಳಗಿನ ಹಳೆಯ ಮರವು ಬಿಡದು. ಹಗ್ಗ ಬಿಗಿದ ಮಂಚದಲ್ಲಿ ಹಗ್ಗವು ಎಳೆತಕ್ಕೂ ಚೌಕಟ್ಟು ಒತ್ತಡಕ್ಕೂ ಒಳಗಾಗುವಂತೆ, ಮರದ ಹೊರಭಾಗವು ಎಳೆತದಲ್ಲಿಯೂ ತಿರುಳು ಒತ್ತಡದಲ್ಲಿಯೂ ಇರುತ್ತವೆ. ಗಾಳಿಗೆ ಬಾಗುವ ಮರಕ್ಕೆ ಇದೇ ಬಲ. ಕಡಿದಾಗ ಬಿಗಿ ಸಡಿಲಿ ತುದಿ ಸೀಳುತ್ತದೆ, ಕೊಯ್ದ ಹಲಗೆ ಬಾಗುತ್ತದೆ. ಸಣ್ಣ ಸುತ್ತಳತೆಯ ಮರದಲ್ಲಿ ತೊಂದರೆ ಹೆಚ್ಚು.

2017ರಲ್ಲಿ ಕರ್ನಾಟಕ ಸರ್ಕಾರವು ಹೊಸ ನಾಟಿಯನ್ನು ನಿಷೇಧಿಸಿದ್ದರಿಂದ, ನಿಂತ ಮರವನ್ನು ಎಳೆಯದರಲ್ಲಿಯೇ ಸೌದೆಗೆ ಮಾರುವುದು ನಷ್ಟ. ಹಲಗೆಗೆಂದು ಬಿಟ್ಟ ಮರವು ದಪ್ಪವಾದ ಮೇಲೆ ಕಡಿದು, ದಿಮ್ಮಿಯನ್ನು ಬೇಕಾದುದಕ್ಕಿಂತ ಉದ್ದವಾಗಿಟ್ಟು, ಬಿಸಿಲಿಗೆ ಸೀಳು ಬೆಳೆಯದಂತೆ ತುದಿಗೆ ಮೇಣ ಬಳಿದು, ತಡಮಾಡದೆ ಎರಡು ಪಕ್ಕದಿಂದಲೂ ಸಮನಾಗಿ ಕೊಯ್ಯಿಸತಕ್ಕದ್ದು.