ಹೊಳೆ, ಮಣ್ಣು, ಜತೆಗೆ ಜನ

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹೋದ ಮೇಲೆ ಮನೆಯಿಂದ ಹೊರಡುತ್ತಿಲ್ಲ. ವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದಾರೆ. ಹೊಳೆ, ತೋಟ ಅಂತ ಓಡಾಡಿಸಿದರೆ ಗುಣವಾಗುತ್ತಾರಾ?

ಉತ್ತರ: ಖಂಡಿತ ನೆರವಾಗುತ್ತದೆ, ಆದರೆ ಮಾತ್ರೆಯ ಬದಲಿಗಲ್ಲ, ಅದರ ಜತೆಗೆ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ.

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆದವರಲ್ಲಿ ಆರೋಗ್ಯ, ನೆಮ್ಮದಿ ಹೆಚ್ಚೆಂದು ಕಂಡುಬಂತು. ಅಂದರೆ ದಿನಕ್ಕೆ ಸುಮಾರು 17 ನಿಮಿಷ. ಮನಸ್ಸು ಬರಲಿ, ಆಮೇಲೆ ಹೊರಡೋಣ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಹೊರಟ ಮೇಲೆಯೇ ಮನಸ್ಸು ಬರುವುದು.

ಬೆಳಗಿನ ಎಳೆಬಿಸಿಲಿನಲ್ಲಿ ಇಬ್ಬರೂ ನಡೆಯಿರಿ. ಮೊದಮೊದಲು ಹೊಳೆದಂಡೆಗೆ, ನಾಲೆಯ ಏರಿಗೆ ಅವರೊಬ್ಬರನ್ನೇ ಕಳಿಸಬೇಡಿ. ದುಡಿದ ಕೈ ಅದು, ಕೆಲಸ ಕೊಡಿ: ಒಂದು ಕುಂಡದಲ್ಲಿ ಮೆಂತ್ಯ ಬಿತ್ತಲಿ. ಕೆಲವೇ ದಿನಗಳಲ್ಲಿ ಮಣ್ಣು ಸೀಳಿ ಜೋಡಿ ಎಲೆ ಮೇಲೇಳುತ್ತದೆ; ನೀರು ಹಾಕುವ ಹೊಣೆ ಅವರದೇ ಇರಲಿ.

ಕೆಲಸ ಕಳೆದುಕೊಂಡವರಿಗೆ ಹೋಗುವುದು ಸಂಬಳ ಮಾತ್ರವಲ್ಲ, ಒಡನಾಟವೂ. ಹಳೆಯ ಜತೆಗಾರರನ್ನು ಕರೆಯಿರಿ. ಭಾನುವಾರ ತುಂಗೆ-ಭದ್ರೆ ಸೇರುವ ಕೂಡ್ಲಿಗೋ ಶಿವಮೊಗ್ಗದ ಗಾಂಧಿ ಪಾರ್ಕಿಗೋ ನಾಲ್ಕು ಜನ ಒಟ್ಟಿಗೆ ಹೋಗಿಬನ್ನಿ. ಸಲಹೆ ಕೊಡಲು ಹೋಗಬೇಡಿ, ಸುಮ್ಮನೆ ಜತೆಗಿರಿ.

ನಿದ್ದೆ, ಊಟ ಬಿಟ್ಟರೆ ತಡಮಾಡದೆ ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬ ಮಾತು ಬಂದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಸಾಕಾಗಿಹೋದಾಗ ನೀವೂ ಕರೆ ಮಾಡಿ.