ಸಣ್ಣ ರೈತರು ಮತ್ತು ಸಾವಯವ ಬೇಸಾಯದ ತರಬೇತಿ

ನಮ್ಮ ದೇಶದ ಕೃಷಿ ಹಿಡುವಳಿಗಳಲ್ಲಿ ಶೇಕಡ 86ರಷ್ಟು ಸಣ್ಣ ಹಾಗೂ ಅತಿ ಸಣ್ಣ ರೈತರಿಗೆ ಸೇರಿದವು ಎಂಬುದು 2015-16ರ ಕೃಷಿ ಗಣತಿಯಿಂದ ತಿಳಿದುಬಂದಿದೆ. ಎರಡು ಹೆಕ್ಟೇರಿಗಿಂತಲೂ ಕಡಿಮೆ ಭೂಮಿಯುಳ್ಳ ಇಂತಹ ರೈತನಿಗೆ ಒಂದು ಬೆಳೆ ಕೈಕೊಟ್ಟರೂ ಸಾಲ ತಪ್ಪಿದ್ದಲ್ಲ. ಆದುದರಿಂದ ಹೊಸ ಬೇಸಾಯ ಕ್ರಮವನ್ನು ಕೈಗೊಳ್ಳಲು ಆತನು ಹಿಂಜರಿಯುವುದು ಸಹಜ. ಈ ಹಿಂಜರಿಕೆಯನ್ನು ಉಪದೇಶದಿಂದ ನೀಗಿಸಲಾಗದು; ಹೊಲದಲ್ಲಿಯೇ ಮಾಡಿ ತೋರಿಸುವ ತರಬೇತಿಯಿಂದ ನೀಗಿಸಬಹುದು.

ಮಣ್ಣು ಮತ್ತು ವಾಯುಗುಣ

ಸಾವಯವ ಅಂಶ ಹೆಚ್ಚಿರುವ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಕೆಲವು ದಿನ ತಡೆದರೂ ಅಲ್ಲಿನ ಬೆಳೆ ಬೇಗನೆ ಬಾಡುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಹಾಕಿದ ಸಾರಜನಕ ಗೊಬ್ಬರದ ಒಂದಂಶವಾದರೋ ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರಸ್ ಆಕ್ಸೈಡ್ ಅನಿಲವಾಗಿ ಮಾರ್ಪಡುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ಭೂಮಿಯ ತಾಪವನ್ನು ಹೆಚ್ಚಿಸುವ ಈ ಅನಿಲದ ಶಕ್ತಿಯು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಅಧಿಕ.

ಹಾಗೆಂದು ತಿಪ್ಪೆಯ ಗೊಬ್ಬರವೆಲ್ಲವೂ ನಿರಪಾಯಕಾರಿಯಲ್ಲ. ಗಾಳಿಯಾಡದೆ ಕೊಳೆಯುವ ತಿಪ್ಪೆಯಿಂದ ಮೀಥೇನ್ ಅನಿಲ ಹೊರಬೀಳುತ್ತದೆ. ಹಸಿರೆಲೆ, ಕಸಕಡ್ಡಿ, ಸಗಣಿಗಳನ್ನು ಪದರ ಪದರವಾಗಿ ಹರಡಿ, ಆಗಾಗ ತಿರುವಿ ಹಾಕುವ ಕ್ರಮವನ್ನು ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರ ಅವಧಿಯಲ್ಲಿ ಇಂದೋರಿನಲ್ಲಿ ರೂಪಿಸಿದರು. ಭಾರತದ ರೈತರ ಅನುಭವದಿಂದಲೂ ಅವರು ಕಲಿತುಕೊಂಡಿದ್ದರು. ತರಬೇತಿಯ ಮೊದಲ ಪಾಠ ಇದೇ ಆಗಿರಬೇಕು. ಸೆಣಬು, ಡಯಾಂಚ ಮುಂತಾದ ಹಸಿರೆಲೆ ಗೊಬ್ಬರದ ಬೆಳೆಗಳು, ರಾಗಿಯೊಡನೆ ಅವರೆ ತೊಗರಿಗಳ ಅಕ್ಕಡಿ ಸಾಲು, ಎರೆಹುಳು ಗೊಬ್ಬರ ಇವು ಮುಂದಿನ ಪಾಠಗಳು.

ಪರಿವರ್ತನೆಯ ಕಾಲ

ರಾಸಾಯನಿಕಗಳನ್ನು ಬಿಟ್ಟ ಮೊದಲ ಎರಡು ಮೂರು ವರ್ಷಗಳಲ್ಲಿ ಇಳುವರಿ ಕುಗ್ಗುವ ಸಂಭವವಿದೆ. ಈ ಸತ್ಯವನ್ನು ರೈತನಿಂದ ಮರೆಮಾಚಬಾರದು. 2021ರಲ್ಲಿ ಶ್ರೀಲಂಕಾ ಸರ್ಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿತು. ರೈತರಿಗೆ ತಕ್ಕ ತರಬೇತಿಯಾಗಲಿ, ಸಾಕಷ್ಟು ಸಾವಯವ ಗೊಬ್ಬರವಾಗಲಿ ದೊರೆತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡರೂ ಆ ಹಂಗಾಮಿನ ಭತ್ತದ ಇಳುವರಿ ಬಹಳವಾಗಿ ಕುಸಿಯಿತು. ಆದುದರಿಂದ ರೈತನು ಮೊದಲು ತನ್ನ ಜಮೀನಿನ ಒಂದು ಭಾಗದಲ್ಲಿ ಮಾತ್ರ ಪ್ರಯೋಗ ಮಾಡಿ, ಖರ್ಚು ಮತ್ತು ಇಳುವರಿಗಳ ಲೆಕ್ಕವಿಟ್ಟು, ಅನಂತರ ವಿಸ್ತರಿಸುವುದು ಕ್ಷೇಮಕರ.

ಗುಂಪಿನ ಬಲ

ಕರ್ನಾಟಕ ಸರ್ಕಾರವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. 2015-16ರಲ್ಲಿ ಕೇಂದ್ರ ಸರ್ಕಾರವು ಪರಂಪರಾಗತ ಕೃಷಿ ವಿಕಾಸ ಯೋಜನೆಯನ್ನು ಆರಂಭಿಸಿತು. ಇದರಡಿ ರೈತರ ಗುಂಪುಗಳಿಗೆ ಮೂರು ವರ್ಷಗಳ ಕಾಲ ನೆರವು ಮತ್ತು ತರಬೇತಿ ನೀಡಲಾಗುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನವು 15,000 ಗುಚ್ಛಗಳ ಮೂಲಕ ಒಂದು ಕೋಟಿ ರೈತರನ್ನು ತಲುಪುವ ಗುರಿಯನ್ನು ಹೊಂದಿದೆ.

ದುಬಾರಿಯಾದ ಪ್ರಮಾಣಪತ್ರವೂ ಸಣ್ಣ ರೈತನಿಗೆ ತೊಡಕೇ ಸರಿ. ದೆಹಲಿಗೆ ಹೊಂದಿಕೊಂಡಿರುವ ಘಾಜಿಯಾಬಾದಿನ ರಾಷ್ಟ್ರೀಯ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರವು ನಡೆಸುವ ಸಹಭಾಗಿತ್ವ ಖಾತರಿ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲವನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆ. ಇನ್ನೂ ಪರಿವರ್ತನೆಯ ಹಂತದಲ್ಲಿರುವ ಬೆಳೆಗೂ ಪ್ರತ್ಯೇಕ ಗುರುತು ದೊರೆಯುತ್ತದೆ. ಹೀಗೆ ಪರಿಶೀಲನೆಯೇ ಕಲಿಕೆಯೂ ಆಗುತ್ತದೆ. ನೆರೆಹೊಲದಲ್ಲಿ ಕಣ್ಣಾರೆ ಕಂಡದ್ದನ್ನು ರೈತನು ಸುಲಭವಾಗಿ ನಂಬುತ್ತಾನೆ.

ಆಸಕ್ತ ರೈತ ಬಾಂಧವರು ಮೊದಲು ತಮ್ಮ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಳಿಕ ನಾಲ್ಕಾರು ನೆರೆಹೊರೆಯವರನ್ನು ಕೂಡಿಸಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು. ಗೃಹಿಣಿಯರೂ ಈ ತರಬೇತಿಯಲ್ಲಿ ಪಾಲ್ಗೊಳ್ಳುವುದು ಅಗತ್ಯ. ಬೀಜ ಕಾಪಾಡುವುದು, ಗೊಬ್ಬರ ಕೂಡಿಡುವುದು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇದೆ.