ಎರಡು ಸುತ್ತು ಹೋಗುವ ಸ್ಕ್ರೂ

ಮಗ,

ಮೊನ್ನೆ ರಾತ್ರಿ ಮಳವಳ್ಳಿಯ ಛತ್ರದಿಂದ ಫೋನ್ ಮಾಡಿದೆಯಲ್ಲ, ವಾಲಗದ ಸದ್ದಿನಲ್ಲಿ ನನಗೆ ಕೇಳಿಸಿದ್ದು ಇಷ್ಟೇ: "ದೊಡ್ಡಪ್ಪ, ಕ್ಯಾಮೆರಾ ಸ್ಟ್ಯಾಂಡಿನ ಸ್ಕ್ರೂ ಎಲ್ಲೋ ಬಿದ್ದೋಯ್ತು. ಇನ್ನು ಹೊಸದೇ ತಗೋಬೇಕು." ತಗೋಬೇಡ. ಬಿದ್ದಿರುವುದು ಹುಣಸೆ ಬೀಜದಷ್ಟು ಕಬ್ಬಿಣ. ಅದಕ್ಕಾಗಿ ಮೂರು ಗಟ್ಟಿ ಕಾಲುಗಳನ್ನು ಅಟ್ಟಕ್ಕೆ ಹಾಕುವಷ್ಟು ದುಡ್ಡು ಈ ಕಸುಬಿನಲ್ಲಿ ಇಲ್ಲ.

ಹಾಗಂತ ಸಿಕ್ಕಿದ ಅಂಗಡಿಗೆ ನುಗ್ಗಿ ಸಿಕ್ಕಿದ ಬೋಲ್ಟು ತಂದುಬಿಡಬೇಡ. ನಾನು ಹಾಗೇ ಮಾಡಿ ಕೆಟ್ಟವನು. ಆಗಿನ್ನೂ ರೀಲು ಹಾಕುವ ಕಾಲ. ಮೇಲುಕೋಟೆಯ ವೈರಮುಡಿ ನಾಳೆ ಅನ್ನುವಾಗ ಸ್ಟ್ಯಾಂಡಿನ ತಲೆಯ ಸ್ಕ್ರೂ ಕಾಣೆಯಾಯಿತು. ಮಂಡ್ಯದ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನೇ ಬಾಯಿಬಿಟ್ಟು "ಆರು ಎಂಎಂ ಬೋಲ್ಟು ಕೊಡಿ" ಅಂದೆ. ಕೇಳಿದ್ದನ್ನು ಅವರು ಕೊಟ್ಟರು. ಕ್ಯಾಮೆರಾಕ್ಕೆ ಎರಡು ಸುತ್ತು ಬೆಣ್ಣೆಯಂತೆ ಹೋಯಿತು. ಮೂರನೆಯದು ಬಿಗಿಯಾಯಿತು. ಬಿಗಿಯಾದರೆ ಒಳ್ಳೆಯದೇ ಅಂತ ಕಟಿಂಗ್ ಪ್ಲೇಯರ್ ಹಿಡಿದು ತಿರುಗಿಸಿದೆ. ರಾತ್ರಿ ಚೆಲುವನಾರಾಯಣಸ್ವಾಮಿಯ ಉತ್ಸವ ಎದುರಿಗೆ ಬರುವ ಹೊತ್ತಿಗೆ ಕ್ಯಾಮೆರಾ ಮೂಗು ಕೆಳಗೆ ಮಾಡಿ ಬಾಗಿತು. ಕೈಯಲ್ಲೇ ಹಿಡಿದು ತೆಗೆದ ಫೋಟೊಗಳೆಲ್ಲ ಅಲುಗಿಹೋದವು. ಅದಕ್ಕಿಂತ ದೊಡ್ಡ ಸಂಕಟ ಅಂದರೆ ಕ್ಯಾಮೆರಾ ನನ್ನದಾಗಿರಲಿಲ್ಲ. ಆಲೆಮನೆ ಗಾಣಗಳ ಶಾಫ್ಟು ರಿಪೇರಿ ಮಾಡುತ್ತಿದ್ದ ಒಬ್ಬ ಲೇತ್‌ನವರ ಕೈಕಾಲು ಹಿಡಿದು, ಕ್ಯಾಮೆರಾದ ತಳಕ್ಕೆ ಹಿತ್ತಾಳೆ ಬುಷ್ ಕೂರಿಸಿಕೊಂಡು, ಗೆಳೆಯನ ಮುಂದೆ ತಲೆತಗ್ಗಿಸಿ ನಿಂತೆ.

ಯಾಕೆ ಹಾಗಾಯಿತು ಅಂತ ಗೊತ್ತಾದದ್ದು ಆಮೇಲೆ. ಕ್ಯಾಮೆರಾದ ತಳದ ತೂತು ಇಂಚಿನ ಲೆಕ್ಕದ್ದು. ಕಾಲಿಂಚು ಅಂದರೆ 6.35 ಮಿ.ಮೀ., ಇಂಚಿಗೆ 20 ಸುತ್ತು. ನಾನು ತಂದದ್ದು 6 ಮಿ.ಮೀ. ಬೋಲ್ಟು, ಮಿಲಿಮೀಟರಿಗೆ ಒಂದು ಸುತ್ತು. ಎರಡೂ ಕಣ್ಣಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಒಳಗೆ ಹೋದ ಮೇಲೆ ಹಲ್ಲು ಹಲ್ಲು ಕಚ್ಚಾಡುತ್ತವೆ. ನಮ್ಮ ದೇಶಕ್ಕೆ 1957ರಲ್ಲಿ ನಯಾ ಪೈಸೆ ಬಂತು, ಅದರ ಹಿಂದೆಯೇ ಮೀಟರು, ಕಿಲೊ ಬಂದವು. ಜಪಾನಿನವರು ಕ್ಯಾಮೆರಾದ ಮೈಯೆಲ್ಲ ಮಿಲಿಮೀಟರಿನಲ್ಲೇ ಅಳೆಯುತ್ತಾರೆ. ಆದರೆ ಅದರ ತಳದಲ್ಲಿ ಮಾತ್ರ ಇಂಚು ಇವತ್ತಿಗೂ ಕೂತಿದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳಿಗೆ ಒಂದು ಅಳತೆ ಗೊತ್ತುಮಾಡಿಕೊಟ್ಟ. ಈ ತೂತು ಆ ವಂಶದ್ದು.

ಅಂಗಡಿಯಲ್ಲಿ ಕೇಳಬೇಕಾದ್ದು "ಒನ್ ಬೈ ಫೋರ್". ಅವರು ಕೊಡುವುದು ವಿಟ್‌ವರ್ತ್ ಹಲ್ಲಿನದಾದರೂ ಚಿಂತೆಯಿಲ್ಲ. ಅದರ ಹಲ್ಲಿನ ಕೋನ 55 ಡಿಗ್ರಿ, ಈಗಿನ ಕ್ಯಾಮೆರಾದ್ದು 60. ಇಂಚಿಗೆ 20 ಸುತ್ತು ಎರಡಕ್ಕೂ ಒಂದೇ ಆದ್ದರಿಂದ ಹೊಂದಿಕೊಂಡು ಹೋಗುತ್ತದೆ. ಸ್ಟ್ಯಾಂಡಿನ ತಲೆಗೂ ಕಾಲಿಗೂ ನಡುವೆ ಇರುವ ದಪ್ಪ ಸ್ಕ್ರೂ ಬೇರೆ, ಅದು "ತ್ರೀ ಬೈ ಏಯ್ಟ್", ಇಂಚಿಗೆ 16 ಸುತ್ತು. ದಪ್ಪದ್ದನ್ನು ಸಣ್ಣದಕ್ಕೆ ಹೊಂದಿಸುವ ಉಂಗುರದಂಥ ಬುಷ್ ಸಿಗುತ್ತದೆ, ಎರಡು ಮದ್ದೂರು ವಡೆಯ ದುಡ್ಡಿಗಿಂತ ಬಹಳ ಹೆಚ್ಚಾಗಲ್ಲ. ನಾಲ್ಕು ತಂದಿಟ್ಟುಕೋ, ಕಳೆಯೋದು ಜಾಸ್ತಿ ಅದೇ.

ಅಂಗಡಿಗೆ ಹೊಸ ಕ್ಯಾಮೆರಾ ಒಯ್ಯಬೇಡ. ನಿಮ್ಮಪ್ಪನ ಸತ್ತ ಯಾಷಿಕಾ ಗೂಡಿನಲ್ಲಿ ಇದೆಯಲ್ಲ, ಅದನ್ನು ತಗೊಂಡು ಹೋಗು. ಫೋಟೊ ತೆಗೆಯದಿದ್ದರೂ ಅದರ ತಳದ ತೂತು ಸುಳ್ಳು ಹೇಳಲ್ಲ. ಬೋಲ್ಟು ಬೆರಳಿನಲ್ಲೇ ಕೊನೆಯವರೆಗೂ ಹೋಗಬೇಕು. ಸ್ಪ್ಯಾನರ್ ಕೇಳಿತು ಅಂದರೆ ಅದು ನಿನ್ನ ಬೋಲ್ಟಲ್ಲ.

ಉದ್ದದ ಮೇಲೂ ಕಣ್ಣಿರಲಿ. ಉದ್ದ ಬೋಲ್ಟು ಕ್ಯಾಮೆರಾದ ತಳವನ್ನೇ ಒಳಗಿನಿಂದ ತಿವಿಯುತ್ತದೆ. ಸೋನಿಯವರು ಕೈಪಿಡಿಯಲ್ಲೇ 5.5 ಮಿ.ಮೀ.ಗಿಂತ ಕಡಿಮೆ ಇರಬೇಕು ಅಂತ ಬರೆದಿದ್ದಾರೆ, ನಾವು ಯಾರೂ ಓದಲ್ಲ ಅಷ್ಟೆ. ಕ್ಯಾಮೆರಾ ಕೂರುವ ಪ್ಲೇಟಿನ ಮೇಲೆ ಎದ್ದು ಕಾಣುವ ಭಾಗ ನಾಲ್ಕೂವರೆ, ಐದಕ್ಕೆ ನಿಲ್ಲಲಿ. ಹ್ಯಾಕ್ಸಾದಲ್ಲಿ ಕತ್ತರಿಸುವ ಮುಂಚೆ ಬೋಲ್ಟಿಗೆ ಒಂದು ನಟ್ಟು ಏರಿಸಿಕೋ. ಕತ್ತರಿಸಿ, ತುದಿಗೆ ಅರ ಉಜ್ಜಿ, ಆಮೇಲೆ ನಟ್ಟನ್ನು ಬಿಚ್ಚಿದರೆ ಮುರಿದ ಹಲ್ಲನ್ನು ಅದೇ ಸರಿಮಾಡಿಕೊಂಡು ಹೊರಗೆ ಬರುತ್ತದೆ. ಇದನ್ನು ನನಗೆ ಕಲಿಸಿದವರು ಪಂಪ್‌ಸೆಟ್ ರಿಪೇರಿಯವರು. ಬೋಲ್ಟಿನ ತಲೆಗೂ ಪ್ಲೇಟಿಗೂ ನಡುವೆ ಹಾಕಲು ಚಪ್ಪಲಿ ಹೊಲಿಯುವವರ ಹತ್ತಿರ ಒಂದು ತೊಗಲಿನ ವಾಷರ್ ಕೊಯ್ಯಿಸಿಕೋ. ನನ್ನ ಸ್ಟ್ಯಾಂಡಿನಲ್ಲಿ ಇವತ್ತಿಗೂ ಅದೇ ಇರೋದು.

ಕಾಲಿನ ಲಾಕಿನ ಸ್ಕ್ರೂ ಕಳೆದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅವು ಸಾಮಾನ್ಯವಾಗಿ ಮಿಲಿಮೀಟರಿನವೇ. ಒಂದು ಕಾಲಿನದು ಕಳೆದರೆ ಉಳಿದ ಎರಡು ಕಾಲಿನಲ್ಲಿ ಮಾದರಿ ಇದ್ದೇ ಇದೆ, ಒಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗು. ನಟ್ಟು ಮಾತ್ರ ಒಳಗೆ ನೈಲಾನ್ ಬಳೆ ಇರುವುದೇ ಆಗಬೇಕು. ಬರೀ ನಟ್ಟು ನಮ್ಮ ರಸ್ತೆಗಳ ಕುಲುಕಾಟಕ್ಕೆ ಮದ್ದೂರು ದಾಟುವಷ್ಟರಲ್ಲಿ ಸಡಿಲಾಗುತ್ತದೆ.

ಕಾಲಿನ ತುದಿಯ ರಬ್ಬರ್ ಹೋದರೆ ಮೆಡಿಕಲ್ ಅಂಗಡಿಯಲ್ಲಿ ಊರುಗೋಲಿನ ರಬ್ಬರ್ ಕೇಳು. ಪೈಪಿನ ದಪ್ಪ ಅಳೆದುಕೊಂಡು ಹೋಗಬೇಕು ಅಷ್ಟೆ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಕೆಳಗೆ ಹೆಜ್ಜಾರ್ಲೆ ಗೂಡಿಗೆ ಕ್ಯಾಮೆರಾ ಎತ್ತಿಟ್ಟು ಎಷ್ಟು ಬೆಳಿಗ್ಗೆ ಕಾದಿದ್ದೇನೋ, ನನ್ನ ಸ್ಟ್ಯಾಂಡು ಮುದುಕರ ಕೋಲಿನ ರಬ್ಬರಿನ ಮೇಲೇ ನಿಂತಿತ್ತು.

ಇಂಥ ಜುಗಾಡ್ ಒಂದು ಕಡೆ ಮಾತ್ರ ಬೇಡ: ಕ್ಯಾಮೆರಾ ಕೂರುವ ಪ್ಲೇಟು. ಅದು ತಲೆಯ ಹಲ್ಲಿಗೆ ಸರಿಯಾಗಿ ಕಚ್ಚಬೇಕು. ಕೂದಲೆಳೆ ವ್ಯತ್ಯಾಸ ಇದ್ದರೂ ಮೂರನೆಯ ದಿನ ಜಾರುತ್ತದೆ. ಆರ್ಕಾ ಮಾದರಿಯದಾದರೆ ಅಗಲ 38 ಮಿ.ಮೀ., ಎಲ್ಲ ಕಡೆಯೂ ಸಿಗುತ್ತದೆ. ಬೇರೆಯದಾದರೆ ತಲೆಯ ಮೇಲೆ ಕೆತ್ತಿದ ನಂಬರನ್ನು ಬರೆದುಕೊಂಡು ಅದನ್ನೇ ತರಿಸು. ಮ್ಯಾನ್‌ಫ್ರಾಟೊದಂಥವರು ಬಿಡಿಭಾಗಕ್ಕೂ ನಂಬರು ಕೊಟ್ಟು ಮಾರುತ್ತಾರೆ. ನೋಡೋಕೆ ಹಾಗೇ ಇದೆ ಅನ್ನುವ ಮಾತಿಗೆ ಅರವತ್ತು ಸಾವಿರದ ಲೆನ್ಸನ್ನು ನೇತು ಹಾಕಬೇಡ.

ಮುತ್ತತ್ತಿಯ ಮರಳಿನಲ್ಲೋ ಗಗನಚುಕ್ಕಿಯ ತುಂತುರಿನಲ್ಲೋ ನಿಲ್ಲಿಸಿ ಬಂದ ದಿನ ರಾತ್ರಿ ಸ್ಟ್ಯಾಂಡನ್ನು ಒರೆಸಿ, ಒಂದೊಂದು ಸ್ಕ್ರೂ ಮುಟ್ಟಿ ನೋಡು. ಬಿಗಿಮಾಡಿದ ಮೇಲೆ ನಿನ್ನ ಅಕ್ಕನ ಉಗುರುಬಣ್ಣದ ಒಂದು ಚುಕ್ಕೆ ಇಡು. ಸಡಿಲಾದರೆ ಚುಕ್ಕೆ ಬಿರುಕು ಬಿಡುತ್ತದೆ, ಸ್ಕ್ರೂ ಬೀಳುವ ಮುಂಚೆಯೇ ನಿನಗೆ ಗೊತ್ತಾಗುತ್ತದೆ.

ಭಾನುವಾರ ಬಿಡುವಿದ್ದರೆ ಸ್ಟ್ಯಾಂಡು, ಆ ಯಾಷಿಕಾ ಎರಡನ್ನೂ ಹಿಡಿದುಕೊಂಡು ಮಂಡ್ಯಕ್ಕೆ ಬಾ. ನನ್ನ ಡಬ್ಬಿಯಲ್ಲಿ ಕಾಲಿಂಚು ಬೋಲ್ಟು ಎರಡಿವೆ.